ಮಲಯಮಾರುತವೂ ಮಲೆನಾಡಿನ ಚೈತ್ರವೂ

ವಸಂತಋತುವಿನ ವರ್ಣನೆಗೆ ತೊಡಗಿದ ನಮ್ಮ ಪ್ರಾಚೀನ ಕವಿಗಳಲ್ಲಿ ಮಲಯಮಾರುತವನ್ನು ಬೀಸಿಸದವರು ವಿರಳ. ಈ ಮಲಯಪರ್ವತವಾದರೂ ಎಲ್ಲಿಯದು? ಸಹ್ಯಾದ್ರಿಯ ದಕ್ಷಿಣದ ತುದಿಯೇ ಅದು. ತಾಪೀನದಿಯ ತೆಂಕಣ ದಡದಿಂದ ಹೊರಟು ಸುಮಾರು 1600 ಕಿಲೋಮೀಟರುಗಳಷ್ಟು ಉದ್ದಕ್ಕೆ ಹಬ್ಬಿ ಕನ್ಯಾಕುಮಾರಿಯ ಬಳಿ ಮುಗಿಯುವ ಈ ಪರ್ವತಶ್ರೇಣಿಯ ಬೆನ್ನನ್ನು ಮುಂಬಯಿಯಲ್ಲಿ ನೆಲಸಿರುವ ನಾವು ಕಲ್ಯಾಣದಾಚೆಗೆ ಹೋದಾಗಲೆಲ್ಲ ಕಾಣುತ್ತೇವೆ. ಉಜ್ಜಯಿನಿಯ, ಕನೌಜಿನ ಕವಿಗಳು ತಮ್ಮ ಉಪವನಗಳಲ್ಲಿ ಕುಳಿತು ಯಾವ ಗಾಳಿಯನ್ನು ಮಂದ, ಶೀತಲ, ಸುಗಂಧ ಎಂದು ಮೂರು ವಿಶೇಷಣಗಳಿಂದ ಕೊಂಡಾಡಿದರೋ, ಆ ಗಾಳಿಯ ತವರುಮನೆ ನಮ್ಮ ಮಲೆಗಳು. ಆದರೆ ಆ ತವರಿನಲ್ಲಿಯೇ ಬಾಳುವವರಿಗೆ ಚೈತ್ರ ವೈಶಾಖಗಳ ಗಾಳಿಯು ಇಷ್ಟು ಸೌಮ್ಯವಾಗಿ ಕಾಣಿಸಿಕೊಳ್ಳುವುದು ಅಪರೂಪ. ಬೆಳಗಿನಲ್ಲಿ ಕಣಿವೆಯನ್ನು ತುಂಬಿದ ಮಂಜು, ನಡುಹಗಲಿನಲ್ಲಿ ಎಲೆಯೂ ಅಲುಗದ ಧಗೆ, ನಾಲ್ಕು ಗಂಟೆಯ ಹೊತ್ತಿಗೆ ಬೆಟ್ಟದ ನೆತ್ತಿಯಲ್ಲಿ ಕವಿದ ಕಪ್ಪು, ಸಂಜೆಗೆ ಮರಗಳನ್ನು ಮುರಿಯುವ ಬಿರುಗಾಳಿ, ಆಲಿಕಲ್ಲು, ಮತ್ತೆ ರಾತ್ರಿಗೆ ತೊಳೆದಿಟ್ಟಂಥ ನಕ್ಷತ್ರಗಳು: ಇದು ಮಲೆನಾಡಿನ ವಸಂತದ ಒಂದು ದಿನ. ಮಾರನೆಯ ದಿನ ಹೀಗೆಯೇ ಆಗುವುದೆಂಬ ನಿಯಮವಿಲ್ಲ. ಈ ಚಂಚಲ ವಸಂತವು ಕನ್ನಡ ಸಾಹಿತ್ಯದಲ್ಲಿ ಎಲ್ಲಿ ಕಾಣಿಸಿಕೊಂಡಿದೆ, ಎಲ್ಲಿ ಮರೆಯಾಗಿದೆ, ಮರೆಯಾದುದಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ಕುರಿತು ಎರಡು ಮಾತು. ಮಾರ್ಚ್ ತಿಂಗಳು ಕಾಲಿಟ್ಟೊಡನೆ ದಖ್ಖನ್ ಪ್ರಸ್ಥಭೂಮಿಯು ಕಾಯತೊಡಗುತ್ತದೆ. ಒಳನಾಡಿನ ಒಣಗಾಳಿಯೂ ಕಡಲ ಮೇಲಿನಿಂದ ಬರುವ ತೇವದ ಗಾಳಿಯೂ ಪರ್ಯಾಯದ್ವೀಪದ ನಡುವೆ ಒಂದನ್ನೊಂದು ಸಂಧಿಸುತ್ತವೆ. ಕಾದ ಗಾಳಿ ಬೆಟ್ಟದ ಇಳಿಜಾರನ್ನು ಹಿಡಿದು ಮೇಲೇರಿದಂತೆ ಅದರಲ್ಲಿಯ ತೇವ ತಣಿದು ಮುಗಿಲಾಗುತ್ತದೆ. ಮಧ್ಯಾಹ್ನದವರೆಗೆ ಬರಿದಾಗಿದ್ದ ಆಕಾಶದಲ್ಲಿ ಮೂರು ನಾಲ್ಕು ಗಂಟೆಗಳೊಳಗೆ ಗುಡುಗಿನ ಮೋಡಗಳು ಗೋಪುರಗಳಂತೆ ಎದ್ದು ನಿಲ್ಲುವುದು ಹೀಗೆ. ಆದರೆ ಇಂಥ ಒಂದೊಂದು ಮೋಡದ ಹರಹು ಕೆಲವೇ ಕಿಲೋಮೀಟರುಗಳು, ಅದರ ಆಯುಸ್ಸು ಒಂದೆರಡು ಗಂಟೆಗಳು. ಆದಕಾರಣ ಈ ಮಗ್ಗುಲಿನ ತೋಟಕ್ಕೆ ಸುರಿದ ಮಳೆ ಹಳ್ಳದಾಚೆಯ ತೋಟಕ್ಕೆ ಒಂದು ಹನಿಯೂ ಬೀಳದೆ ಹೋಗುವುದುಂಟು. ಮುಂಗಾರಾದರೋ ಹಾಗಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರುಗಳಿಗೂ ಮಿಗಿಲಾಗಿ ಮಳೆ ಕಾಣುವ ಆಗುಂಬೆಯಲ್ಲಿ ಆಷಾಢದ ಮಳೆಯು ಎಲ್ಲರ ಸೂರಿನ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ವಸಂತದ ಮಳೆ ಮನೆಮನೆಯ ಅದೃಷ್ಟಕ್ಕೆ ಸೇರಿದ್ದು. ಮುಂಗಾರು ಸಮಷ್ಟಿಯದಾದರೆ ಇದು ವ್ಯಷ್ಟಿಯದು ಎನ್ನಬಹುದು. ಸಾಹಿತ್ಯವಿಮರ್ಶೆಗೆ ಈ ಭೇದವು ಮುಖ್ಯವೆಂದು ನನಗೆ ತೋರುತ್ತದೆ.

ಇಂಥ ಋತುವನ್ನು ಮಾರ್ಗಕವಿಗಳು ಏಕೆ ಕಾಣಲಿಲ್ಲ? ಅವರು ಅರಮನೆಯ ಕವಿಗಳು, ಮಲೆಗಳನ್ನು ಕಂಡವರಲ್ಲ ಎಂದು ಒಮ್ಮೆಲೇ ತೀರ್ಪು ಕೊಡುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಅಲಂಕಾರಶಾಸ್ತ್ರದಲ್ಲಿ ವಸಂತವು ಶೃಂಗಾರಕ್ಕೆ ಉದ್ದೀಪನ ವಿಭಾವ. ಉದ್ದೀಪನಕ್ಕೆಂದು ತಂದು ನಿಲ್ಲಿಸಿದ ಋತು ತಾನೇ ಗಳಿಗೆಗೊಂದು ಬಣ್ಣ ತಾಳಿದರೆ ರಸವು ಯಾವ ಆಶ್ರಯದ ಮೇಲೆ ನಿಲ್ಲಬೇಕು? ಆದ್ದರಿಂದ ಅದನ್ನು ಕಟ್ಟಿಹಾಕಬೇಕಾಯಿತು. ಕೋಗಿಲೆಯ ದನಿ ವಸಂತದಲ್ಲಿ ಮಾತ್ರ, ನವಿಲಿನ ಕೇಕೆ ಮಳೆಗಾಲದಲ್ಲಿ ಮಾತ್ರ, ಚಂದನ ಮಲಯದಲ್ಲಿ ಮಾತ್ರ ಎಂಬ ಕವಿಸಮಯಗಳನ್ನು ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ನಿಯಮಗಳಾಗಿ ಹೇಳಿದ್ದಾನೆ. ಮಲೆನಾಡಿನವರು ಬಲ್ಲರು: ಮೊದಲ ಮಳೆ ಬಿದ್ದ ಮೇಲೂ ಕೋಗಿಲೆ ಕೂಗುತ್ತದೆ, ಮುಂಗಾರಿಗೆ ಬಹಳ ಮುಂಚೆಯೇ ನವಿಲು ಕೇಕೆ ಹಾಕುತ್ತದೆ. ಎರಡೂ ಒಂದೇ ಸಂಜೆ ಕಿವಿಗೆ ಬೀಳುವುದು ಅಲ್ಲಿ ವಿಶೇಷವಲ್ಲ.

ಹಾಗೆಂದು ರಾಜಶೇಖರನನ್ನು ಬರಿಯ ಕಟ್ಟಳೆಗಾರನೆಂದು ತಿಳಿಯಬಾರದು. ಅದೇ ಗ್ರಂಥದ ಕಾಲವಿಭಾಗವನ್ನು ಹೇಳುವ ಅಧ್ಯಾಯದಲ್ಲಿ ಆತನು ಋತುವೊಂದಕ್ಕೆ ನಾಲ್ಕು ಅವಸ್ಥೆಗಳನ್ನು ಗುರುತಿಸುತ್ತಾನೆ: ಸಂಧಿ, ಶೈಶವ, ಪ್ರೌಢಿ, ಅನುವೃತ್ತಿ. ಹಿಂದಿನ ಋತು ಬಿಟ್ಟುಹೋಗದೆ, ಮುಂದಿನದು ನೆಲೆಯೂರದೆ ಇರುವ ಕಾಲ ಸಂಧಿ. ಕಳೆದುಹೋದ ಋತುವಿನ ಚಿಹ್ನೆಗಳು ಮುಂದಿನದರಲ್ಲಿಯೂ ಉಳಿದುಬರುವುದು ಅನುವೃತ್ತಿ. ಮಲೆನಾಡಿನ ಚೈತ್ರವನ್ನು ವರ್ಣಿಸಲು ಇದಕ್ಕಿಂತ ಯೋಗ್ಯವಾದ ಪರಿಭಾಷೆಯನ್ನು ಹುಡುಕಬೇಕಾದ ಅಗತ್ಯವಿಲ್ಲ. ಹತ್ತನೆಯ ಶತಮಾನದ ಆರಂಭದ ವೇಳೆಗೆ ಶಾಸ್ತ್ರಕಾರನು ಬಾಗಿಲನ್ನು ತೆರೆದಿಟ್ಟಿದ್ದರೂ ನಮ್ಮ ಕವಿಗಳಲ್ಲಿ ಬಹುಮಂದಿ ಅದರೊಳಗೆ ಕಾಲಿಡಲಿಲ್ಲ. ಪ್ರೌಢಿಯೊಂದೇ ಅವರಿಗೆ ಸಾಕಾಯಿತು. ದೋಷವು ಶಾಸ್ತ್ರದ್ದಲ್ಲ, ಅದನ್ನು ಅರ್ಧ ಓದಿದವರದು.

ಪರ್ವತಪ್ರದೇಶದ ವಸಂತವು ಸಂಸ್ಕೃತಕಾವ್ಯಕ್ಕೆ ಅಪರಿಚಿತವಾಗಿರಲೂ ಇಲ್ಲ. 'ಕುಮಾರಸಂಭವ'ದ ಮೂರನೆಯ ಸರ್ಗದಲ್ಲಿ ಕಾಳಿದಾಸನು ಹಿಮವತ್ಪರ್ವತದ ತಪೋವನಕ್ಕೆ ಅಕಾಲದಲ್ಲಿ ವಸಂತವನ್ನು ಇಳಿಸುತ್ತಾನೆ. ಅಲ್ಲಿ ಋತುವಿನ ಆಗಮನವೇ ಒಂದು ಆಕ್ರಮಣ. ಅದರ ಕೊನೆ ಕಾಮನ ಬೂದಿ. ಇನ್ನು ಆದಿಕವಿಯ ಕಿಷ್ಕಿಂಧಾಕಾಂಡವು ತೆರೆಯುವುದು ನಮ್ಮ ನಾಡಿನದೆಂದು ನಾವು ನಂಬಿರುವ ಪಂಪಾಸರೋವರದ ದಡದಲ್ಲಿ, ಚೈತ್ರಮಾಸದಲ್ಲಿ. ಅಲ್ಲಿಯ ವಸಂತ ರಾಮನಿಗೆ ಸುಖವನ್ನು ಕೊಡುವುದಿಲ್ಲ, ಸೀತೆಯ ನೆನಪಿನಿಂದ ಸುಡುತ್ತದೆ. ಆದರೆ ಇವೆರಡರಲ್ಲಿಯೂ ಬದಲಾಗುವುದು ಮನಸ್ಸು ಅಥವಾ ದೈವಾಜ್ಞೆ; ಹವೆಯು ತನ್ನಷ್ಟಕ್ಕೆ ತಾನು ಮನಸ್ಸು ಬದಲಿಸಿದ್ದು ಅಲ್ಲಿಲ್ಲ. ಹೂವರಳಲಿ ಅರಳದಿರಲಿ ಯಾರ ಅಪ್ಪಣೆಯೂ ಇಲ್ಲದೆ ಸಂಜೆಯ ಮೋಡವೊಂದು ಅದನ್ನು ತೀರ್ಮಾನಿಸುವ ಪ್ರಪಂಚವು ಕಾವ್ಯದಿಂದ ದೂರವೇ ಉಳಿಯಿತು.

ಪಂಪನ ವಿಚಾರ ಬೇರೆ; ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ರಿ. ಶ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯನ್ನು ನೆನೆಯುವ ಭಾಗವನ್ನು ಮುಂಬಯಿಯ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ನಮ್ಮ ಸಭೆಗಳಲ್ಲಿ ಅದು ಎಷ್ಟು ಸಲ ಉದ್ಧೃತವಾಗಿದೆಯೆಂದರೆ, ಅದನ್ನು ಕೇಳಿದ ಕೂಡಲೆ ನಾವು ಯೋಚಿಸುವುದನ್ನು ನಿಲ್ಲಿಸಿಬಿಡುತ್ತೇವೆ. ತೆಂಕಲಿನ ಗಾಳಿಯ ಸ್ಪರ್ಶ, ಮಲ್ಲಿಗೆ, ಇಂಪಾದ ಗಾನ, ವಸಂತದ ಉತ್ಸವ, ಇವೆಲ್ಲ ಅಲ್ಲಿ ಇರುವುದು ಪ್ರತ್ಯಕ್ಷದ ವಸ್ತುಗಳಾಗಿ ಅಲ್ಲ, ನೆನಪಿನ ಕೀಲಿಗಳಾಗಿ. ಪಂಪನು ಈ ಕಾವ್ಯವನ್ನು ಬರೆದದ್ದು ಇಂದು ತೆಲಂಗಾಣದಲ್ಲಿರುವ ವೇಮುಲವಾಡದಲ್ಲಿ, ಅರಿಕೇಸರಿಯ ಆಸ್ಥಾನದಲ್ಲಿ. ಬನವಾಸಿಗೂ ಕವಿಗೂ ಇದ್ದ ನಂಟು ಎಂಥದೆಂದು ವಿದ್ವಾಂಸರು ಚರ್ಚಿಸಿದ್ದಾರೆ. ಆ ಚರ್ಚೆ ಹೇಗೇ ಮುಗಿಯಲಿ, ಪದ್ಯಗಳ ದನಿ ದೂರದಲ್ಲಿ ನಿಂತವನದು ಎಂಬುದರಲ್ಲಿ ಸಂದೇಹವಿಲ್ಲ. ವರದಾನದಿಯ ದಡದ ಬನವಾಸಿಯಾದರೋ ಮಲೆನಾಡಿನ ಸೆರಗು. ಪಶ್ಚಿಮಕ್ಕೆ ಶಿರಸಿಯ ಕಾಡು, ಪೂರ್ವಕ್ಕೆ ಬಯಲು. ಅಲ್ಲಿಯೂ ಏಪ್ರಿಲಿನ ಸಂಜೆ ಗುಡುಗುತ್ತದೆ, ಮಾವಿನ ಮಿಡಿ ಉದುರುತ್ತದೆ. ಪಂಪನ ಪದ್ಯಗಳಲ್ಲಿ ಗುಡುಗಿಲ್ಲ. ನೆನಪು ಹವೆಯನ್ನು ಇಟ್ಟುಕೊಳ್ಳುವುದಿಲ್ಲ, ಹಿತವನ್ನು ಇಟ್ಟುಕೊಳ್ಳುತ್ತದೆ. ಆದರೆ ಪಂಪನ ದೊಡ್ಡತನವು ಇದನ್ನು ಮುಚ್ಚಿಡದಿರುವುದರಲ್ಲಿದೆ. ನಾನು ನೆನೆಯುತ್ತಿದ್ದೇನೆ ಎಂದೇ ಆತನು ಹೇಳುತ್ತಾನೆ, ನೋಡುತ್ತಿದ್ದೇನೆ ಎನ್ನುವುದಿಲ್ಲ.

ಪಂಪನನ್ನು ಅನುಸರಿಸಿದವರಲ್ಲಿ ಈ ಪ್ರಾಮಾಣಿಕತೆ ತೆಳುವಾಯಿತು. ನೆನಪು ಕಟ್ಟಳೆಯಾಗಿ, ಕಟ್ಟಳೆ ಪಟ್ಟಿಯಾಗಿ, ಪಟ್ಟಿಯು ಅಷ್ಟಾದಶವರ್ಣನೆಗಳಲ್ಲಿ ಒಂದಾಗಿ ಕುಳಿತಿತು. ಅಂಡಯ್ಯನ 'ಕಬ್ಬಿಗರ ಕಾವ'ದಲ್ಲಿ ಸಂಸ್ಕೃತಪದಗಳು ಹೋದುವು. ಸಂಸ್ಕೃತದ ವಸಂತ ಹೋಗಲಿಲ್ಲ. ಕಾಮನ ಪಡೆಯ ಗಾಳಿ, ಗಿಳಿ, ಕೋಗಿಲೆಗಳು ಅಚ್ಚಗನ್ನಡದ ಉಡುಪಿನಲ್ಲಿ ಅದೇ ಶಿಸ್ತಿನಿಂದ ನಡೆಯುತ್ತವೆ. ವಿಪರ್ಯಾಸವೆಂದರೆ ವಸಂತಕ್ಕೆ ನಮ್ಮಲ್ಲಿದ್ದ ಹಳೆಯ ಹೆಸರು ಸುಗ್ಗಿ. ಆ ಒಂದು ಮಾತಿನಲ್ಲಿ ಋತುವೂ ಕೊಯ್ಲೂ ಒಟ್ಟಿಗೆ ಇವೆ. ಕೊಯ್ಲೆಂದ ಮೇಲೆ ಕಣವಿದೆ, ಕಣವೆಂದ ಮೇಲೆ ಮಳೆಯ ಭಯವಿದೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಹೋಳಿಯ ಹುಣ್ಣಿಮೆಯ ಸುಮಾರಿಗೆ ಕುಣಿಯುವ ಸುಗ್ಗಿಯ ಕುಣಿತದಲ್ಲಿ ಈ ಎರಡರ್ಥವೂ ಇನ್ನೂ ಜೀವಂತವಾಗಿರುವುದನ್ನು ಕಾಣಬಹುದು. ಕಾವ್ಯದಲ್ಲಿ ಭಯದ ಪಾಲು ಕಳಚಿಹೋಗಿ ಹೂವಿನ ಪಾಲು ಮಾತ್ರ ಉಳಿಯಿತು.

ಹಾಗಾದರೆ ಮಲೆನಾಡಿನ ವಸಂತದ ಚಾಂಚಲ್ಯವನ್ನು ಕನ್ನಡವು ಎಲ್ಲಿಯೂ ನುಡಿಯಲೇ ಇಲ್ಲವೆ? ನುಡಿದಿದೆ, ಆದರೆ ಅದನ್ನು ನಾವು ಸಾಹಿತ್ಯವೆಂದು ಎಣಿಸಲಿಲ್ಲ. ಮೊದಲನೆಯದಾಗಿ ಮಳೆನಕ್ಷತ್ರಗಳ ಗಾದೆಗಳನ್ನು ನೋಡಬೇಕು. ಸೂರ್ಯನು ಏಪ್ರಿಲ್ 14ರ ಸುಮಾರಿಗೆ ಅಶ್ವಿನಿಯನ್ನೂ, 27 ಅಥವಾ 28ರಂದು ಭರಣಿಯನ್ನೂ ಪ್ರವೇಶಿಸುತ್ತಾನೆ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅಧಿಕಾರ. 'ಅಶ್ವಿನಿ ಸಸ್ಯನಾಶಿನಿ' ಎಂಬುದು ಮೊದಲನೆಯದರ ಮೇಲೆ ರೈತನ ತೀರ್ಪು. ಭರಣಿ ಬಂದರೆ ಧರಣಿ ಬದುಕುತ್ತದೆ ಎಂಬುದು ಅದರ ಬೆನ್ನಿಗೇ ಬರುವ ಎರಡನೆಯದರ ಮೇಲಿನ ತೀರ್ಪು. ನೀರು ಒಂದೇ, ಮೋಡ ಒಂದೇ, ನೆಲವೂ ಒಂದೇ. ನಡುವೆ ಇರುವುದು ಎರಡು ವಾರಗಳ ಅಂತರ. ಅಷ್ಟರಲ್ಲಿ ನಾಶಿನಿಯಾಗಿದ್ದುದು ಪ್ರಾಣದಾಯಿನಿಯಾಗುತ್ತದೆ. ಆರು ಋತುಗಳ ಸ್ಥೂಲವಿಭಾಗವನ್ನು ಇಟ್ಟುಕೊಂಡ ಕಾವ್ಯವು ಕಾಣದ ಸೂಕ್ಷ್ಮವನ್ನು ಇಪ್ಪತ್ತೇಳು ನಕ್ಷತ್ರಗಳ ಪಂಚಾಂಗವನ್ನು ಇಟ್ಟುಕೊಂಡ ಒಕ್ಕಲಿಗನು ಕಂಡನು. ಘಟ್ಟದ ಕೆಳಗಿನ ತುಳುವರೂ ಹಾಗೆಯೇ. ಫೆಬ್ರವರಿಯ ಕೆಡ್ಡಸದಲ್ಲಿ ಭೂಮಿತಾಯಿ ಋತುಮತಿಯಾದಳೆಂದು ನೆಲವನ್ನು ಅಗೆಯದೆ ಬಿಡುವುದರಿಂದ ಹಿಡಿದು, ಏಪ್ರಿಲ್ ಮಧ್ಯದ ಬಿಸು ಹಬ್ಬವನ್ನು ದಾಟಿ, ಬೇಶ ತಿಂಗಳ ಹತ್ತನೆಯ ದಿನದ ಪತ್ತನಾಜೆಗೆ ಕೋಲ, ಆಟಗಳನ್ನು ಮುಗಿಸಿ ಗೆಜ್ಜೆ ಬಿಚ್ಚುವವರೆಗೆ, ಅವರ ಆಚರಣೆಗಳ ಸರಣಿಯೇ ಮಳೆಯ ಅನಿಶ್ಚಯಕ್ಕೆ ಹಾಕಿದ ಮೈಲಿಗಲ್ಲುಗಳು. ಕೊಡವರು ಎಡಮ್ಯಾರ್ ಒಂದರಂದು, ಎಂದರೆ ಏಪ್ರಿಲ್ ಮಧ್ಯದಲ್ಲಿ, ಗದ್ದೆಗೆ ನೇಗಿಲಿಳಿಸುವ ಶಾಸ್ತ್ರವನ್ನು ಮಾಡುವುದೂ ಇದೇ ಸಾಲಿಗೆ ಸೇರಿದ್ದು.

ಎರಡನೆಯದು ಕಾಫಿಯ ತೋಟಗಳ ಮಳೆಪುಸ್ತಕ. ಇದನ್ನು ಸಾಹಿತ್ಯಪತ್ರಿಕೆಯಲ್ಲಿ ಹೆಸರಿಸುವುದಕ್ಕೆ ಓದುಗರ ಕ್ಷಮೆಯಿರಲಿ. ನನ್ನ ಉದ್ಯೋಗದ ದೆಸೆಯಿಂದ ಅದರ ಪರಿಚಯವಾಯಿತು. ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟದ ಮನೆಗಳಲ್ಲಿ ಅಂಗಳದ ಮೂಲೆಗೊಂದು ಮಳೆಮಾಪಕ, ಜಗಲಿಯ ಮೇಜಿನಲ್ಲಿ ಒಂದು ಪುಸ್ತಕ ಇರುವುದು ವಾಡಿಕೆ. ಅಜ್ಜನ ಕಾಲದಿಂದ ಅದರಲ್ಲಿ ದಿನದ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆಯುತ್ತ ಬಂದಿರುತ್ತಾರೆ. ಇಂಚಿನ ನೂರನೆಯ ಒಂದು ಪಾಲು ಸೆಂಟು. ದೇಶವೆಲ್ಲ ಮಿಲಿಮೀಟರಿಗೆ ಹೊರಳಿದರೂ ಇವರ ಮಾತಿನಲ್ಲಿ ಸೆಂಟು ಹೋಗಲಿಲ್ಲ. ಅದರಲ್ಲಿಯೂ ಫೆಬ್ರವರಿಯ ಕೊನೆಯಿಂದ ಏಪ್ರಿಲಿನವರೆಗಿನ ಪುಟಗಳೇ ಆ ಪುಸ್ತಕದ ಪ್ರಾಣ. ಅದು ಹೂಮಳೆಯ ಕಾಲ. ಚಳಿಗಾಲದ ಒಣಹವೆಯಲ್ಲಿ ಬಲಿತು ಮಲಗಿರುವ ಕಾಫಿಯ ಮೊಗ್ಗು ಸುಮಾರು ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ಎಚ್ಚರಗೊಂಡು, ಎಂಟು ಹತ್ತು ದಿನಗಳಲ್ಲಿ ಅರಳಿ, ತೋಟಕ್ಕೆ ತೋಟವೇ ಮಲ್ಲಿಗೆಯನ್ನು ಹೋಲುವ ಪರಿಮಳದಿಂದ ತುಂಬಿಹೋಗುತ್ತದೆ. ಮಳೆ ಕಡಿಮೆ ಬಿದ್ದು ಬರಿಯ ತುಂತುರಾದರೆ ಮೊಗ್ಗು ಅರೆಗಣ್ಣು ತೆರೆದು ಕರಟಿಹೋಗುತ್ತದೆ. ಹೂವರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಅರಳಿ ಎರಡು ಮೂರು ವಾರಗಳೊಳಗೆ ಎರಡನೆಯ ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ರೊಬಸ್ಟಾಕ್ಕೆ ಈ ಮಳೆ ಬೇಗ ಬೇಕು, ಅರೇಬಿಕಾ ಸ್ವಲ್ಪ ಕಾಯಬಲ್ಲದು. ವರ್ಷದ ಬದುಕೆಲ್ಲ ಒಂದು ಸಂಜೆಯ ಒಂದು ಗಂಟೆಯನ್ನು ಹೀಗೆ ನೆಚ್ಚಿರುವ ಬೆಳೆ ನಮ್ಮ ನಾಡಿನಲ್ಲಿ ಹೆಚ್ಚಿಲ್ಲ.

ಮಲೆನಾಡಿನ ಒಂದು ಶಾಖೆಯಲ್ಲಿ ನಾನು ಕೆಲಸಮಾಡುತ್ತಿದ್ದಾಗ ಸಾಲದ ತನಿಖೆಗಾಗಿ ಒಂದು ತೋಟಕ್ಕೆ ಹೋಗಿದ್ದೆ. ಮಾರ್ಚ್ ತಿಂಗಳ ಅಪರಾಹ್ನ. ಅಂಗಳದ ತುಂಬ ಒಣಗಲು ಹರವಿದ ಕರಿಮೆಣಸು. ನೋಡುನೋಡುತ್ತಿರುವಂತೆಯೇ ಪಡುವಣ ಗುಡ್ಡದ ಮೇಲೆ ಮೋಡ ಏರಿತು. ಜಗಲಿಯಲ್ಲಿ ಕುಳಿತಿದ್ದ ತೋಟದ ಯಜಮಾನರು ಮುಖವರಳಿಸಿ, "ಇದೊಂದು ಬಂದ್ರೆ ನಿಮ್ಮ ಸಾಲ ತೀರ್ತು ಅಂತ ತಿಳ್ಕೊಳ್ಳಿ ಸಾರ್" ಎಂದರು. ಅಂಗಳದಿಂದ ಅವರ ಮನೆಯವರು, "ಸಾಲದ ಮಾತು ಆಮೇಲಾಡಿ, ಮೊದ್ಲು ಬಂದು ಈ ಟಾರ್ಪಾಲಿನ ತುದಿ ಹಿಡೀರಿ" ಎಂದು ಕೂಗಿದರು. ಒಂದೇ ಮನೆಯಲ್ಲಿ ಒಬ್ಬರಿಗೆ ಮಳೆ ಬೇಕು, ಒಬ್ಬರಿಗೆ ಬೇಡ, ಇಬ್ಬರದೂ ನ್ಯಾಯ. ಮೆಣಸನ್ನು ಗುಡ್ಡೆಮಾಡಿ ಮುಚ್ಚಿದ್ದಾಯಿತು. ಗಾಳಿ ಎದ್ದಿತು, ನಾಲ್ಕು ಹನಿ ಬಿತ್ತು, ಮೋಡ ಹಳ್ಳದಾಚೆಗೆ ಸರಿದು ಅಲ್ಲಿ ಸುರಿಯತೊಡಗಿದ ಸದ್ದು ನಮಗೆ ಕೇಳುತ್ತಿತ್ತು. ಆ ರಾತ್ರಿ ಯಜಮಾನರು ಪುಸ್ತಕ ತೆರೆದು ಬರೆದದ್ದು ಇಷ್ಟು: "ಗುಡುಗು. ಮಳೆ ಇಲ್ಲ." ವಸಂತವನ್ನು ಕುರಿತು ನಾನು ಓದಿದ ವಾಕ್ಯಗಳಲ್ಲಿ ಇದಕ್ಕಿಂತ ನಿಜವಾದುದು ನನ್ನ ನೆನಪಿನಲ್ಲಿಲ್ಲ. ನಿರಾಶೆಯೂ ಅದರಲ್ಲಿದೆ, ನಾಳೆಯ ಪುಟವೂ ಅದರ ಮುಂದೆ ಖಾಲಿ ಇದೆ.

ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು ಹೊಸಗನ್ನಡದ ಕಡೆಗೆ ತಿರುಗಿದರೆ ಕುವೆಂಪು ಅವರ ಹೆಸರು ಮೊದಲು ಬರುವುದು ಸಹಜ. ಮಲೆನಾಡನ್ನು ಕನ್ನಡಕ್ಕೆ ಕಾಣಿಸಿದವರು ಅವರು. 'ಮಲೆನಾಡಿನ ಚಿತ್ರಗಳು' 1933ರಲ್ಲಿಯೂ 'ಕಾನೂರು ಹೆಗ್ಗಡಿತಿ' 1936ರಲ್ಲಿಯೂ ಹೊರಬಂದಾಗ ಕೋಗಿಲೆ ಗಿಳಿಗಳ ಏಕಸ್ವಾಮ್ಯ ಮುರಿದು ಕಾಜಾಣ, ಕಾಮಳ್ಳಿ, ಪಿಕಳಾರಗಳು ನಮ್ಮ ಗದ್ಯಪದ್ಯಗಳಲ್ಲಿ ಸ್ಥಾನ ಪಡೆದುವು. ಆದರೆ ಅವರ ಕವನ ಮತ್ತು ಕಾದಂಬರಿಗಳ ನಡುವೆ ಹವೆಯ ವಿಷಯದಲ್ಲಿ ಒಂದು ವ್ಯತ್ಯಾಸವುಂಟು. ಕವನದಲ್ಲಿ ಮಳೆ ಗುಡುಗುಗಳು ಭವ್ಯಕ್ಕೆ ಏರುತ್ತವೆ. 'ವರ್ಷಭೈರವ' ಎಂಬ ಹೆಸರೇ ಅದಕ್ಕೆ ಸಾಕ್ಷಿ. ಭೈರವನಾದ ಮಳೆಯನ್ನು ಪೂಜಿಸಬಹುದು, ಅದರ ಕೈಯಲ್ಲಿ ಮೋಸಹೋಗಲಾಗದು. ದೇವತೆಯು ಇಂಚು ಸೆಂಟುಗಳಿಗೆ ಇಳಿಯುವುದಿಲ್ಲ. ಕಾದಂಬರಿಯಲ್ಲಿ ಮಳೆ ಮನುಷ್ಯರಿಗೆ ಸಂಭವಿಸುತ್ತದೆ: ದಾರಿ ತಪ್ಪಿಸುತ್ತದೆ, ಕೆಲಸ ಕೆಡಿಸುತ್ತದೆ, ಕೊಲ್ಲುತ್ತದೆ. 1967ರ 'ಮಲೆಗಳಲ್ಲಿ ಮದುಮಗಳು' ಕೃತಿಯಲ್ಲಿ ಗುತ್ತಿಯ ನಾಯಿ ಹುಲಿಯನನ್ನು ತುಂಬಿದ ತುಂಗೆ ಒಯ್ಯುವಲ್ಲಿ ಯಾವ ಭವ್ಯತೆಯ ಹಂಗೂ ಇಲ್ಲ. ಅದಕ್ಕಾಗಿಯೇ ಅದು ನಮ್ಮನ್ನು ಬಿಡುವುದಿಲ್ಲ. ಆದರೂ ನನ್ನ ಓದಿನ ಮಟ್ಟಿಗೆ ಹೇಳುವುದಾದರೆ, ಕುವೆಂಪು ಅವರ ಮಹಾದೃಶ್ಯಗಳು ಸೇರಿರುವುದು ಮುಂಗಾರಿನ ನಿಶ್ಚಯಕ್ಕೆ, ಚೈತ್ರದ ಅನಿಶ್ಚಯಕ್ಕಲ್ಲ. ಅವರ ಪ್ರತಿಭೆಗೆ ಸಮಷ್ಟಿಯ ಮಳೆ ಹೆಚ್ಚು ಒಗ್ಗುತ್ತದೆ.

ಬೇಂದ್ರೆಯವರ ಯುಗಾದಿ ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ್ದು. ಪ್ರಕೃತಿಗೆ ವರ್ಷವರ್ಷವೂ ದೊರೆಯುವ ಹೊಸ ಹುಟ್ಟು ಮನುಷ್ಯನಿಗೇಕಿಲ್ಲ ಎಂಬ ಅವರ ಪ್ರಶ್ನೆಯು ನಿಂತಿರುವುದು ವಸಂತವು ತಪ್ಪದೆ ಬಂದೇ ಬರುತ್ತದೆಂಬ ನಂಬಿಕೆಯ ಮೇಲೆ. ಹೂಮಳೆ ತಪ್ಪಿದ ವರ್ಷದ ತೋಟಗಾರನು ಆ ಪ್ರಶ್ನೆಯನ್ನು ಹಾಗೆ ಕೇಳಲಾರ. ಇದು ಕವನದ ದೋಷವಲ್ಲ, ಎಲ್ಲೆ. ಕಾರಂತರ 'ಬೆಟ್ಟದ ಜೀವ'ದ ಗೋಪಾಲಯ್ಯನಾದರೋ ಕುಮಾರಪರ್ವತದ ತಪ್ಪಲಿನಲ್ಲಿ ಕಾಡನ್ನು ಕಡಿದು ತೋಟವನ್ನು ಎಬ್ಬಿಸಿದವನು. ನಿಸರ್ಗದ ಮುನಿಸನ್ನು ಲೆಕ್ಕಕ್ಕೆ ಹಿಡಿದೇ ನಗಬಲ್ಲವನು. 1943ರ ಆ ಪುಟ್ಟ ಕಾದಂಬರಿಯಲ್ಲಿ ನೋಡುವವನ ಕಣ್ಣಿಗಿಂತ ಮಾಡುವವನ ಕಣ್ಣು ಮುಂದಿದೆ.

ಆ ಕಣ್ಣು ಪೂರ್ತಿ ತೆರೆದದ್ದು ತೇಜಸ್ವಿಯವರಲ್ಲಿ. ಮೂಡಿಗೆರೆಯ ಬಳಿ ತಾವೇ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ ಹೂಮಳೆ ಕೇಳಿದ ಸಂಗತಿಯಲ್ಲ. 1980ರ 'ಕರ್ವಾಲೊ' ಆರಂಭವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಜೇನೆಂದರೆ ಹೂವು, ಹೂವೆಂದರೆ ಮಳೆ. ಮಂದಣ್ಣನ ವಿದ್ಯೆಯೆಲ್ಲ ಈ ಸರಪಣಿಯ ಮೇಲೆ ನಿಂತದ್ದು. ಬೇಸಾಯವನ್ನೇ ಬಿಟ್ಟುಹೋಗಲೆ ಎಂದು ಬೇಸತ್ತ ನಿರೂಪಕನಿಗೆ ನಿಸರ್ಗವು ಯಾವ ಸಾಂತ್ವನವನ್ನೂ ಉಪದೇಶವನ್ನೂ ಕೊಡುವುದಿಲ್ಲ. ಅದು ಸುಮ್ಮನೆ ಅನಿರೀಕ್ಷಿತವಾಗಿ ನಡೆದುಕೊಳ್ಳುತ್ತದೆ. ತೇಜಸ್ವಿಯವರ ಹಾಸ್ಯಕ್ಕೆ ಮೂಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಅವರ ಪಾತ್ರಗಳು ಮಲೆನಾಡಿನ ಮಾರ್ಚ್ ತಿಂಗಳಿನಂತೆ: ಬೆಳಗ್ಗೆ ಒಂದು, ಸಂಜೆ ಇನ್ನೊಂದು. 1985ರ 'ಚಿದಂಬರ ರಹಸ್ಯ'ದಲ್ಲಿ ಇದೇ ಚಾಂಚಲ್ಯದ ಕರಾಳಮುಖವಿದೆ. ಕೆಸರೂರಿನ ಒಣಗಿದ ಕಾಡು, ಒಣಗಿದ ಮನಸ್ಸುಗಳು ಕೊನೆಗೆ ಬೆಂಕಿಯಲ್ಲಿ ಸಂಧಿಸುತ್ತವೆ. ಮಲೆನಾಡಿನ ವಸಂತದಲ್ಲಿ ಹೂವಿಗೂ ಕಾಡ್ಗಿಚ್ಚಿಗೂ ನಡುವೆ ಇರುವುದು ಒಂದು ಮಳೆ ಮಾತ್ರ ಎಂಬುದನ್ನು ಇಷ್ಟು ನಿಷ್ಠುರವಾಗಿ ಕಂಡ ಮತ್ತೊಬ್ಬ ಲೇಖಕರನ್ನು ನಾನರಿಯೆ. ರಾಜಶೇಖರನು ಹೇಳಿದ ಸಂಧಿಯ ಕಾವ್ಯ ನಮ್ಮಲ್ಲಿ ಹುಟ್ಟಿದ್ದಾದರೆ, ಅದು ಗದ್ಯದಲ್ಲಿ, ಸಾವಿರ ವರ್ಷ ತಡವಾಗಿ.

ಇನ್ನು ನಮ್ಮ ಮಾತು. ಮುಂಬಯಿಯಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಪೂರ್ವದ ಒಣಗಾಳಿ ಪಟ್ಟುಹಿಡಿದು ಕಡಲಗಾಳಿ ಬರುವುದು ತಡವಾದ ದಿನ ಬಿಸಿಲು ನಲವತ್ತರ ಹತ್ತಿರಕ್ಕೆ ಏರುತ್ತದೆ. ಗಾಳಿ ತಿರುಗಿದೊಡನೆ ಇಳಿಯುತ್ತದೆ. ಬೋರಿವಲಿಯ ಕಾಡಿನಲ್ಲಿ ಮುತ್ತುಗ ಕೆಂಪಾಗಿ ಅರಳುವುದನ್ನು ಬಿಟ್ಟರೆ ಇಲ್ಲಿ ಋತು ಬದಲಾದುದಕ್ಕೆ ಗುರುತು ಹೆಚ್ಚಿಲ್ಲ. ಜೂನ್ ಎರಡನೆಯ ವಾರದಲ್ಲಿ ಮುಂಗಾರು ಬಂದಾಗ ಮಾತ್ರ ನಾವೂ ಸಹ್ಯಾದ್ರಿಯ ಮಕ್ಕಳೆಂಬುದು ನೆನಪಾಗಿ ಲೋನಾವಳಕ್ಕೋ ಮಾಥೇರಾನಿಗೋ ಓಡುತ್ತೇವೆ. ಇದರ ಪರಿಣಾಮವೆಂದರೆ ನಮ್ಮಲ್ಲಿ ಉಳಿದ ಮುಂಗಾರಿನ ನೆನಪು ವರ್ಷಕ್ಕೊಮ್ಮೆ ಅನುಭವದಿಂದ ತಿದ್ದುಪಡಿ ಪಡೆಯುತ್ತದೆ, ವಸಂತದ ನೆನಪು ಎಂದೂ ಪಡೆಯುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ತಿದ್ದದೆ ಬಿಟ್ಟ ನೆನಪು ಮಲಯಮಾರುತವಾಗುತ್ತದೆ. ಹೊರನಾಡಿನ ನಮ್ಮ ಕವಿತಾಸಂಕಲನಗಳನ್ನು, ಸ್ಮರಣಸಂಚಿಕೆಗಳನ್ನು ತಿರುವಿಹಾಕಿದರೆ ಊರಿನ ವಸಂತದಲ್ಲಿ ಮಾವು, ಮಲ್ಲಿಗೆ, ಅಜ್ಜಿಯ ಮನೆ ಇವೆ. ಸಿಡಿಲು ಬಡಿದ ತೆಂಗು, ಆಲಿಕಲ್ಲು ಒಡೆದ ಹೆಂಚು, ಮಳೆಗೆ ಸಿಕ್ಕಿ ಬೂಸಲು ಹಿ‍ಡಿದ ಮೆಣಸು ಇಲ್ಲ. ನಾವು ಪಂಪನ ವಾರಸುದಾರರೆಂದು ಹೇಳಿಕೊಳ್ಳುತ್ತೇವೆ. ನೆನಪನ್ನು ನೆನಪೆಂದು ಒಪ್ಪಿಕೊಳ್ಳುವ ಪಂಪನ ಎಚ್ಚರವನ್ನು ಮಾತ್ರ ಕೈಬಿಟ್ಟಿದ್ದೇವೆ. ಇದೇ ನಗರದ ಬಾಂದ್ರಾದಲ್ಲಿ ಬಾಳಿದ ಯಶವಂತ ಚಿತ್ತಾಲರು ತಮ್ಮ ಹನೇಹಳ್ಳಿಯನ್ನು ಬಿಡದೆ ಬರೆದರೂ ಅದನ್ನು ಚಿತ್ರಪಟವಾಗಲು ಬಿಡಲಿಲ್ಲ, ಅದರ ಭಯಗಳನ್ನೂ ಜೊತೆಗೆ ತಂದರು ಎಂಬುದನ್ನು ಇಲ್ಲಿ ನೆನೆಯಬೇಕು. ಅವರದು ಕಡಲತಡಿ, ಮಲೆಯ ವಿಚಾರವಲ್ಲವಾದ್ದರಿಂದ ಅದನ್ನು ಬೆಳೆಸುವುದಿಲ್ಲ.

ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ನಾವು ಹಾಡುತ್ತಿರುವ ವಸಂತವು ಅಲ್ಲಿಯೇ ಬದಲಾಗುತ್ತಿದೆ. ಹೂಮಳೆಯನ್ನು ನೆಚ್ಚಲಾಗದೆ ಅನುಕೂಲವಿದ್ದವರು, ವಿಶೇಷವಾಗಿ ರೊಬಸ್ಟಾ ಬೆಳೆಗಾರರು, ಕೆರೆಗೆ ಪಂಪು ಹೂಡಿ ಸ್ಪ್ರಿಂಕ್ಲರ್‌ಗಳಿಂದ ತೋಟದ ಮೇಲೆ ತಾವೇ ಮಳೆ ಕರೆಯುತ್ತಾರೆ. ಕೆರೆಯಿಲ್ಲದವರು ಆಕಾಶವನ್ನು ನೋಡುತ್ತಾರೆ. ಮನೆಮನೆಯ ಅದೃಷ್ಟವಾಗಿದ್ದ ಮಳೆ ಹೀಗೆ ಮನೆಮನೆಯ ಬಂಡವಾಳವಾಗುತ್ತಿದೆ. 2021ರ ಜನವರಿಯಲ್ಲಿ ಕೊಯ್ಲಿನ ನಡುವೆಯೇ ಅಕಾಲದ ಮಳೆ ಸುರಿದು ಕಣದಲ್ಲಿದ್ದ, ಗಿಡದಲ್ಲಿದ್ದ ಹಣ್ಣನ್ನು ಕೆಡಿಸಿತು. ಕಾಳಿದಾಸನ ಅಕಾಲವಸಂತಕ್ಕೆ ಇಂದ್ರನ ಅಪ್ಪಣೆಯಾದರೂ ಇತ್ತು. ನಕ್ಷತ್ರದ ಗಾದೆಗಳು ಎಲ್ಲಿ ಹೊಂದುತ್ತವೆ, ಎಲ್ಲಿ ತಪ್ಪುತ್ತವೆ ಎಂಬುದನ್ನು ಪರೀಕ್ಷಿಸಬೇಕಾದರೆ ಬೇಕಾದ ಆಧಾರ ಆ ಮಳೆಪುಸ್ತಕಗಳಲ್ಲಿದೆ. ಅವುಗಳ ಅಂಚಿನಲ್ಲಿ ಮಳೆಯ ಅಂಕಿಗಳೊಡನೆ ಮದುವೆ, ಸಾವು, ಹುಲಿ ಬಂದದ್ದು, ಆಳುಗಳ ಜ್ವರ, ಕಾಫಿಯ ಧಾರಣೆ ಎಲ್ಲವೂ ಕನ್ನಡದಲ್ಲಿಯೋ ಅರೆ ಇಂಗ್ಲಿಷಿನಲ್ಲಿಯೋ ಬರೆದಿರುತ್ತವೆ. ನಮ್ಮ ಸಂಘದ ಸದಸ್ಯರಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರ, ಶಿರಸಿ, ಮಡಿಕೇರಿಗಳ ಕಡೆಯವರು ಕಡಿಮೆಯಿಲ್ಲ. ರಜೆಗೆ ಊರಿಗೆ ಹೋದಾಗ ಅಂಥ ಪುಸ್ತಕ ಮನೆಯ ಅಟ್ಟದಲ್ಲಿದ್ದರೆ ಅದರ ಚೈತ್ರ ವೈಶಾಖಗಳ ಪುಟಗಳನ್ನಾದರೂ ನಕಲುಮಾಡಿ ತಂದುಕೊಟ್ಟರೆ, ಅವನ್ನು ವರ್ಷಾನುಕ್ರಮದಲ್ಲಿ ಜೋಡಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ನಕಲು ಮಾಡುವವರು ಅಂಕಿ ಸೊನ್ನೆಯಾಗಿರುವ ದಿನಗಳನ್ನು ಬಿಡಬಾರದು. ಗುಡುಗಿ ಮಳೆ ಬಾರದ ದಿನಗಳನ್ನಂತೂ ಬಿಡಲೇಬಾರದು.